ಕುಂಡದ ಕರಿಬೇವು ಸೊರಗಿದೆಯೇ? ಮೊದಲು ಎಲೆ ನೋಡಿ, ಗೊಬ್ಬರ ಆಮೇಲೆ

"ಗಿಡ ತಂದು ವರ್ಷವಾಯಿತು, ಒಂದು ಗೇಣೂ ಬೆಳೆದಿಲ್ಲ. ಇದ್ದ ಎಲೆಯೂ ಹಳದಿಯಾಗುತ್ತಿದೆ. ಏನು ಹಾಕಲಿ?" ಕುಂಡದ ಕರಿಬೇವಿನ ಬಗ್ಗೆ ಓದುಗರು ಕೇಳುವುದು ಸುತ್ತಿ ಬಳಸಿ ಇದೇ ಪ್ರಶ್ನೆ. ಕೇಳುವ ಹೊತ್ತಿಗೆ ಕುಂಡಕ್ಕೆ ಹುಳಿ ಮಜ್ಜಿಗೆ, ಟೀ ಚರಟ, ಮೊಟ್ಟೆಯ ಚಿಪ್ಪು, ಅಕ್ಕಿ ತೊಳೆದ ನೀರು ಎಲ್ಲವೂ ಬಿದ್ದಾಗಿರುತ್ತದೆ. ಇನ್ನು ಡಿಎಪಿ ಗೊಬ್ಬರ ಒಂದು ಬಾಕಿ.

ಕುಂಡದ ಕರಿಬೇವು ಹಸಿವಿನಿಂದ ಸೊರಗುವುದು ಕಡಿಮೆ. ಬೇರು ಉಸಿರುಗಟ್ಟಿರುತ್ತದೆ, ಇಲ್ಲವೇ ನೀರಿನ ಗುಣ ಸರಿಯಿರುವುದಿಲ್ಲ, ಇಲ್ಲವೇ ಬಿಸಿಲು ಸಾಲುತ್ತಿರುವುದಿಲ್ಲ. ಈ ಮೂರರಲ್ಲಿ ಯಾವುದಿದ್ದರೂ ಗೊಬ್ಬರ ಹಾಕಿದಷ್ಟೂ ಗಿಡಕ್ಕೆ ಕಷ್ಟ ಹೆಚ್ಚು. ಆದ್ದರಿಂದ ಕೈಯಲ್ಲಿರುವ ಪೊಟ್ಟಣ ಕೆಳಗಿಟ್ಟು, ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನೋಡಿಕೊಂಡು ಹೋಗಿ. ಬಾಲ್ಕನಿ, ಕಿಟಕಿಯ ಪಕ್ಕ, ಮನೆಯ ಒಳಗೆ, ಎಲ್ಲಿಟ್ಟ ಕುಂಡಕ್ಕೂ ಕ್ರಮ ಒಂದೇ.

ಬೇಕಾಗುವ ವಸ್ತುಗಳು: ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ, ಉದ್ದನೆಯ ಬಿದಿರು ಕಡ್ಡಿ, ಪಿಎಚ್ ಪಟ್ಟಿಗಳು, ಸಾಧ್ಯವಾದರೆ ಟಿಡಿಎಸ್ ಮೀಟರ್. ಪಿಎಚ್ ಎಂದರೆ ನೀರು ಅಥವಾ ಮಣ್ಣು ಹುಳಿಯೋ ಕ್ಷಾರವೋ ಎಂದು ಹೇಳುವ ಅಳತೆ. 7 ನಡುಮಧ್ಯ, ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಮೀಟರು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಹಂತ 1: ಗಿಡಕ್ಕೆ ಜೀವವಿದೆಯೇ ನೋಡಿ

ಎಲೆಯೆಲ್ಲ ಉದುರಿ ಬರೀ ಕಡ್ಡಿ ನಿಂತಿದ್ದರೆ ಕಾಂಡದ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಸಿರು, ಹಸಿ ಇದ್ದರೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದರೆ ಇನ್ನೂ ಕೆಳಗೆ ಕೆರೆಯುತ್ತಾ ಬನ್ನಿ. ಹಸಿರು ಸಿಕ್ಕ ಜಾಗಕ್ಕಿಂತ ತುಸು ಮೇಲೆ ಕತ್ತರಿಸಿ. ಬುಡದವರೆಗೂ ಒಣಗಿದ್ದರೂ ಕೂಡಲೇ ಎಸೆಯಬೇಡಿ, ಕರಿಬೇವು ಬೇರಿನಿಂದಲೇ ಮರಿ ಹೊಡೆಯುವ ಗಿಡ.

ಹಂತ 2: ಹಾನಿ ಶುರುವಾದದ್ದು ಹಳೆಯ ಎಲೆಯಲ್ಲೋ, ಚಿಗುರಿನಲ್ಲೋ?

ಇಡೀ ಪರೀಕ್ಷೆಯಲ್ಲಿ ಹೆಚ್ಚು ಸುಳಿವು ಕೊಡುವ ಪ್ರಶ್ನೆ ಇದು. ಸಾರಜನಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಓಡಾಡಬಲ್ಲವು. ಕೊರತೆಯಾದಾಗ ಗಿಡ ಅವನ್ನು ಹಳೆಯ ಎಲೆಯಿಂದ ಹಿಂತೆಗೆದು ಚಿಗುರಿಗೆ ಕೊಡುತ್ತದೆ, ಆದ್ದರಿಂದ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಸುಣ್ಣ, ಬೋರಾನ್ ಹಾಗಲ್ಲ. ಒಮ್ಮೆ ಒಂದು ಎಲೆಗೆ ಸೇರಿದವು ಅಲ್ಲೇ ಉಳಿಯುತ್ತವೆ. ಅವು ಸಿಗದಿದ್ದರೆ ಹೊಸ ಎಲೆಗೆ ಪೆಟ್ಟು.

ಹಳೆಯ ಎಲೆ ಇಡಿಯಾಗಿ, ಒಂದೇ ಸಮನೆ ತಿಳಿ ಹಳದಿಯಾಗಿ, ಚಿಗುರು ಸಣ್ಣದಾದರೂ ಹಸಿರಾಗಿದ್ದರೆ ಸಾರಜನಕದ ಕೊರತೆ. ಆದರೆ ಜೋಪಾನ, ಅತಿ ನೀರಿನಿಂದ ಬೇರು ಕೊಳೆತಾಗಲೂ ಎಲೆ ಹೀಗೆಯೇ ಕಾಣುತ್ತದೆ. ನಾಲ್ಕನೇ ಹಂತ ಮುಗಿಸದೆ ತೀರ್ಪು ಕೊಡಬೇಡಿ.

ಹಳೆಯ ಎಲೆಯ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಮೆಗ್ನೀಷಿಯಂ ಸಾಲುತ್ತಿಲ್ಲ. ಅಂಚು ಸುಟ್ಟಂತೆ ಕಂದಾದರೆ ಪೊಟ್ಯಾಷ್ ಕೊರತೆ ಇರಬಹುದು, ಆದರೆ ಕುಂಡದಲ್ಲಿ ಅದಕ್ಕಿಂತ ಹೆಚ್ಚಾಗಿ ಅದು ಉಪ್ಪು ಸೇರಿಕೊಂಡದ್ದರ ಗುರುತು.

ಹೊಸ ಚಿಗುರೇ ಹಳದಿಯಾಗಿ, ನರಗಳು ಮಾತ್ರ ಹಸಿರು ಗೆರೆಗಳಾಗಿ ಎದ್ದು ಕಂಡರೆ ಅದು ಕಬ್ಬಿಣದ ಕ್ಲೋರೋಸಿಸ್. ಕ್ಲೋರೋಸಿಸ್ ಎಂದರೆ ಎಲೆಯ ಹಸಿರು ಬಣ್ಣ ಕಟ್ಟದೇ ಹೋಗುವುದು. ಜೋರಾದಾಗ ಚಿಗುರು ಬಹುತೇಕ ಬಿಳಿಯಾಗಿಯೇ ಹುಟ್ಟುತ್ತದೆ. ಕೊಳವೆಬಾವಿ ನೀರು ಕುಡಿಯುವ ಕರಿಬೇವಿನಲ್ಲಿ ಬಹಳ ಸಾಮಾನ್ಯ. ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಕೆಂಪು ಮಣ್ಣಿಗೆ ಆ ಬಣ್ಣ ಬಂದದ್ದೇ ಕಬ್ಬಿಣದಿಂದ. ಪಿಎಚ್ ಏರಿದ ಮೇಲೆ ಬೇರಿಗೆ ಅದನ್ನು ಹೀರಲಾಗುವುದಿಲ್ಲ, ಅಷ್ಟೇ. ಇದಕ್ಕೆ ಪರಿಹಾರ ಆರನೇ ಹಂತದಲ್ಲಿದೆ.

ಹಂತ 3: ಎಲೆಯ ಬೆನ್ನು ತಿರುಗಿಸಿ

ಕೀಟಗಳು ಎಲೆಯ ಮೇಲ್ಮೈಯಲ್ಲಿ ಕುಳಿತು ನಿಮಗಾಗಿ ಕಾಯುವುದಿಲ್ಲ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಯನ್ನು ಬೆರಳಿನಿಂದ ತಟ್ಟಿ. ಹಾಳೆಯ ಮೇಲೆ ಬಿದ್ದ ಧೂಳಿನ ಕಣಗಳಲ್ಲಿ ಕೆಲವು ನಡೆಯತೊಡಗಿದರೆ ಅವು ಜೇಡ ನುಸಿ. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತಹ ತಿಳಿ ಚುಕ್ಕೆಗಳು, ಬೆನ್ನಿನಲ್ಲಿ ಸಣ್ಣ ಬಲೆ ಇವುಗಳ ಗುರುತು. ಫೆಬ್ರವರಿಯಿಂದ ಮೇವರೆಗಿನ ಒಣ ಹವೆಯಲ್ಲಿ ಇವುಗಳ ಹಾವಳಿ ಹೆಚ್ಚು. ಎಲೆಯ ಬೆನ್ನಿಗೆ ನೀರನ್ನು ರಭಸವಾಗಿ ಹಾಯಿಸಿ ತೊಳೆಯಿರಿ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ತೊಳೆದರೆ ಬಹುಪಾಲು ಹತೋಟಿಗೆ ಬರುತ್ತವೆ.

ಕಾಂಡಕ್ಕೆ ಕಂದು ಹೊಪ್ಪಳೆಗಳು ಅಂಟಿಕೊಂಡಿದ್ದು, ಉಗುರಿನಿಂದ ಎಬ್ಬಿದರೆ ಕಳಚಿ ಬಂದರೆ ಅವು ಶಲ್ಕ ಕೀಟಗಳು. ಗಿಡದ ಮೇಲೆ ಇರುವೆಗಳ ಸಾಲು, ಅಂಟಂಟು ಎಲೆ, ಅದರ ಮೇಲೆ ಕಪ್ಪು ಮಸಿ ಕಂಡರೆ ಶಲ್ಕ ಕೀಟ ಅಥವಾ ಹಿಟ್ಟು ತಿಗಣೆ ಎಲ್ಲೋ ಇದ್ದೇ ಇದೆ ಎಂದು ತಿಳಿಯಿರಿ. ಮಸಿ ರೋಗವಲ್ಲ, ಕೀಟ ಸುರಿಸಿದ ಸಿಹಿ ಅಂಟಿನ ಮೇಲೆ ಬೆಳೆದ ಬೂಷ್ಟು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೋಪಿನ ನೀರಿಗೆ ಅದ್ದಿ ಕಾಂಡವನ್ನು ಉಜ್ಜಿ ತೊಳೆಯುವುದಕ್ಕಿಂತ ಉತ್ತಮ ಔಷಧಿ ಮನೆಯ ಗಿಡಕ್ಕೆ ಇಲ್ಲ.

ಚಿಗುರು ಮುರುಟಿಕೊಂಡು ಅದರ ಸಂದಿಯಲ್ಲಿ ಬಿಳಿ ಮೇಣದ ಎಳೆಗಳು ಕಂಡರೆ ಅದು ಸಿಲ್ಲಿಡ್ ಎಂಬ ರಸ ಹೀರುವ ಕೀಟದ ಮರಿಗಳ ಕೆಲಸ. ಆ ತುದಿಯನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ.

ಎಲೆಯ ಅಂಚು ಕತ್ತರಿಸಿದಂತೆ ಮಾಯವಾಗಿದ್ದರೆ ಹುಳುವನ್ನು ಹುಡುಕಿ. ಕರಿಬೇವು ನಿಂಬೆಯ ಕುಟುಂಬದ ಗಿಡವಾದ್ದರಿಂದ ನಿಂಬೆ ಗಿಡದಲ್ಲಿ ಮೊಟ್ಟೆಯಿಡುವ ಚಿಟ್ಟೆಗಳು ಇಲ್ಲಿಗೂ ಬರುತ್ತವೆ. ಮರಿಹುಳು ಥೇಟ್ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪಾಗಿ ಎಲೆಯ ನಡುವೆ ಕುಳಿತಿರುತ್ತದೆ, ಬಲಿತ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ನಿಮಗೇನೂ ಅಪಾಯವಿಲ್ಲ. ಕೈಯಿಂದ ಆರಿಸಿ ತೆಗೆದರೆ ಮುಗಿಯಿತು.

ಬೇವಿನ ಎಣ್ಣೆ ಸಿಂಪಡಿಸುವುದಾದರೆ ಲೀಟರ್ ನೀರಿಗೆ 3ರಿಂದ 5 ಮಿಲಿ. ಮೊದಲು ಎಣ್ಣೆಯನ್ನು 1-2 ಮಿಲಿ ದ್ರವ ಸೋಪಿನೊಡನೆ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರಿಗೆ ಬೆರೆಸಿ. ಹಾಗೇ ಸುರಿದರೆ ಎಣ್ಣೆ ಮೇಲೆ ತೇಲಿ, ಕೊನೆಗೆ ಒಂದೇ ಕೊಂಬೆಯ ಮೇಲೆ ಬಿದ್ದು ಎಲೆ ಸುಡುತ್ತದೆ. ಬಿಸಿಲಿನಲ್ಲಿ ಸಿಂಪಡಿಸಬೇಡಿ, ಸಂಜೆಯೇ ಸರಿ. ಆಮೇಲೆ ಹತ್ತು ದಿನವಾದರೂ ಆ ಎಲೆಯನ್ನು ಒಗ್ಗರಣೆಗೆ ಬಳಸಬೇಡಿ, ಸಾರು ಕಹಿಯಾಗುತ್ತದೆ. ರಾಸಾಯನಿಕ ಕೀಟನಾಶಕ ಮಾತ್ರ ಬೇಡವೇ ಬೇಡ. ಭಾರತದಿಂದ ಬರುವ ಕರಿಬೇವಿನಲ್ಲಿ ಕೀಟನಾಶಕದ ಉಳಿಕೆ ಇದೆಯೇ ಎಂದು ಐರೋಪ್ಯ ಒಕ್ಕೂಟ ಹೆಚ್ಚುವರಿ ತಪಾಸಣೆ ಮಾಡುವ ಪರಿಸ್ಥಿತಿ ಬಂದಿದೆ. ಮನೆಯಲ್ಲಿ ಬೆಳೆದು ಅದನ್ನೇ ತಿನ್ನುವುದಾದರೆ ಅಂಗಡಿಯ ಎಲೆ ಏನು ಪಾಪ ಮಾಡಿತ್ತು?

ಎಲೆಯ ಮೇಲೆ ದುಂಡನೆಯ ಕಂದು ಚುಕ್ಕೆಗಳು ಮಳೆಗಾಲದಲ್ಲಿ ಹರಡುತ್ತಿದ್ದರೆ ಅದು ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗ. ಅಂತಹ ಎಲೆ ಕಿತ್ತು ಎಸೆಯಿರಿ, ಎಲೆಯ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ, ಕುಂಡಗಳ ನಡುವೆ ಗಾಳಿಯಾಡಲು ಬಿಡಿ. ಗಂಧಕದ ಪುಡಿ ಕರಿಬೇವಿಗೆ ಆಗುವುದಿಲ್ಲ.

ಹಂತ 4: ಕಡ್ಡಿ ಚುಚ್ಚಿ, ಕುಂಡ ಎತ್ತಿ

ಕುಂಡದ ಮೇಲ್ಮಣ್ಣು ನೋಡಿ ನೀರು ಹಾಕುವುದು ದೊಡ್ಡ ಮೋಸ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್ ಹೆಚ್ಚಿರುವ ಮಿಶ್ರಣ ಮೇಲೆ ಒಣಗಿ ತಿಳಿಬಣ್ಣಕ್ಕೆ ತಿರುಗಿದ್ದರೂ ನಾಲ್ಕು ಬೆರಳು ಕೆಳಗೆ ಹಿಂಡಿದರೆ ನೀರು ಬರುವಷ್ಟು ಹಸಿಯಿರುತ್ತದೆ. ಬಿದಿರು ಕಡ್ಡಿಯನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಕಪ್ಪಾಗಿ ಒದ್ದೆಯಾಗಿ ಬಂದರೆ ನೀರು ಬೇಡ. ಮೂಗಿಗೆ ಹಿಡಿದಾಗ ಚರಂಡಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ.

ಮಣ್ಣು ಒದ್ದೆಯಿದ್ದೂ ಎಲೆ ಬಾಡಿದ್ದರೆ ಇನ್ನೂ ನೀರು ಹಾಕಬೇಡಿ. ಕೊಳೆತ ಬೇರಿಗೆ ನೀರು ಹೀರುವ ಶಕ್ತಿಯಿಲ್ಲ, ಅದಕ್ಕೇ ಬಾಡಿದೆ. ಹೆಚ್ಚಿನ ಗಿಡಗಳು ಸಾಯುವುದು ಇದೇ ಗಳಿಗೆಯಲ್ಲಿ ಯಜಮಾನರು ತೋರುವ ಕರುಣೆಯಿಂದ. ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದೂ ಸದಾ ಒದ್ದೆಯಿರುವ ಮಣ್ಣಿನ ಲಕ್ಷಣ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಆಗಲೇ ಚೆಲ್ಲಿ.

ಹಂತ 5: ಬೇರು ನೋಡಿ

ಹಿಂದಿನ ದಿನ ಸ್ವಲ್ಪ ನೀರು ಹಾಕಿ, ಮರುದಿನ ಕುಂಡವನ್ನು ಮಲಗಿಸಿ, ಪಕ್ಕಗಳನ್ನು ತಟ್ಟಿ ಗಿಡವನ್ನು ಮಣ್ಣು ಸಮೇತ ಹೊರಗೆ ಜಾರಿಸಿ. ಹೆದರಬೇಡಿ, ಬೇರು ಹರಿಯದಂತೆ ತೆಗೆದರೆ ಗಿಡಕ್ಕೆ ಏನೂ ಆಗುವುದಿಲ್ಲ.

ಬೇರು ಬಿಳಿಯಾಗಿ ಅಥವಾ ತಿಳಿ ಕೆನೆಬಣ್ಣದಲ್ಲಿ ಗಟ್ಟಿಯಾಗಿದ್ದರೆ ಆರೋಗ್ಯ. ಕಂದು ಬಣ್ಣದ್ದಾಗಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿದರೆ ಕೊಳೆತಿದೆ. ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದು, ಮೇಲಿನ ಎಲೆಯನ್ನೂ ಮೂರನೇ ಒಂದು ಭಾಗ ಕಡಿಮೆ ಮಾಡಿ, ಹೊಸ ಮಣ್ಣಿಗೆ ನೆಟ್ಟು ನೆರಳಿನಲ್ಲಿಡಿ. ಬೇರು ಕುಂಡದ ಗೋಡೆಗುಂಟ ಸುತ್ತಿ ಸುತ್ತಿ ಚಾಪೆಯಂತಾಗಿದ್ದರೆ ಜಾಗ ಸಾಲುತ್ತಿಲ್ಲ. ಸುತ್ತಿದ ಬೇರುಗಳನ್ನು ಮೂರು ನಾಲ್ಕು ಕಡೆ ಉದ್ದಕ್ಕೆ ಸೀಳಿ, ಈಗಿನದಕ್ಕಿಂತ ಎರಡು ಇಂಚು ಹೆಚ್ಚು ಅಗಲದ ಕುಂಡಕ್ಕೆ ವರ್ಗಾಯಿಸಿ. ಗೇಣುದ್ದದ ಸಸಿಯನ್ನು ನೇರವಾಗಿ 16 ಇಂಚಿನ ಕುಂಡದಲ್ಲಿ ನೆಡುವುದೂ ತಪ್ಪೇ. ಬೇರು ತಲುಪದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ.

ವರ್ಷವಾದರೂ ಬೆಳೆಯದ ಗಿಡದಲ್ಲಿ ನೀವು ಕಾಣುವುದು ಬಹುಶಃ ಬೇರೆಯೇ: ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಉಳಿದ ಜೇಡಿಮಣ್ಣಿನ ಮುದ್ದೆ. ಸುತ್ತ ನೀವು ಹಾಕಿದ ಹಗುರ ಮಣ್ಣಿನಲ್ಲಿ ಒಂದು ಬೇರೂ ಇರುವುದಿಲ್ಲ. ಹಾಕಿದ ನೀರೆಲ್ಲ ಆ ಹಗುರ ಮಣ್ಣಿನಲ್ಲೇ ಇಳಿದು ಹೋಗುತ್ತದೆ, ಮುದ್ದೆಯ ಒಳಭಾಗ ಕಲ್ಲಿನಂತೆ ಒಣಗಿರುತ್ತದೆ. ಆ ಮುದ್ದೆಯನ್ನು ಒಂದು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ. ಒಂದೇ ಚೀಲದಲ್ಲಿ ನಾಲ್ಕೈದು ಸಸಿಗಳು ಒಟ್ಟಿಗೆ ಬೆಳೆದಿರುವುದೂ ಉಂಟು. ಗಿಡ ಪೊದೆಯಾಗಿ ಕಾಣಲಿ ಎಂದು ನರ್ಸರಿಯವರು ಹಾಗೆ ಮಾಡಿರುತ್ತಾರೆ. ಗಟ್ಟಿಯಾದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ಬುಡದಲ್ಲಿ ಕತ್ತರಿಸಿ. ಕಿತ್ತರೆ ಉಳಿದದ್ದರ ಬೇರೂ ಹರಿಯುತ್ತದೆ.

ಮರು ನೆಡಲು ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೊಳೆದ ಕೊಕೊಪೀಟ್ ಮತ್ತು ದಪ್ಪ ಮರಳಿನ ಮಿಶ್ರಣ ಸಾಕು. ಇಟ್ಟಿಗೆಯಾಕಾರದ ಕೊಕೊಪೀಟನ್ನು ಎರಡು ಮೂರು ನೀರಿನಲ್ಲಿ ತೊಳೆಯದೆ ಬಳಸಬೇಡಿ, ಅದರಲ್ಲಿ ಉಪ್ಪಿರುತ್ತದೆ.

ಹಂತ 6: ನೀವು ಹಾಕುವ ನೀರು ಯಾವುದು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಓದುಗರು ಇಲ್ಲಿ ಸ್ವಲ್ಪ ನಿಧಾನಿಸಿ. ಕಾವೇರಿ ನೀರಾದರೆ ಹೆಚ್ಚು ಚಿಂತೆಯಿಲ್ಲ. ಕೊಳವೆಬಾವಿ ಅಥವಾ ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿನ ಬೈಕಾರ್ಬೊನೇಟ್ ಕುಂಡದ ಮಣ್ಣನ್ನು ತಿಂಗಳು ತಿಂಗಳೂ ಕ್ಷಾರದ ಕಡೆಗೆ ಎಳೆಯುತ್ತದೆ. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕುವವರು ಬಹಳ. ನೀರುಳಿತಾಯದ ಉದ್ದೇಶ ಒಳ್ಳೆಯದೇ, ಆದರೆ ಶುದ್ಧ ನೀರನ್ನು ನೀವು ಕುಡಿದು, ಅದರಿಂದ ತೆಗೆದ ಲವಣವನ್ನೆಲ್ಲ ಗಿಡಕ್ಕೆ ಕುಡಿಸಿದಂತಾಗುತ್ತದೆ. ಆ ನೀರು ನೆಲ ಒರೆಸಲು ಇರಲಿ.

ಇನ್ನೂ ಗಮನಕ್ಕೆ ಬಾರದ ಶತ್ರು ಅಪಾರ್ಟ್‌ಮೆಂಟಿನ ನೀರು ಮೆದುಗೊಳಿಸುವ ಘಟಕ. ಅಡುಗೆ ಉಪ್ಪಿನಿಂದ ನಡೆಯುವ ಆ ಯಂತ್ರ ನೀರಿನಲ್ಲಿರುವ ಸುಣ್ಣವನ್ನು ತೆಗೆದು ಅದರ ಜಾಗದಲ್ಲಿ ಸೋಡಿಯಂ ಸೇರಿಸುತ್ತದೆ. ಬಟ್ಟೆ ಒಗೆಯಲು ಚೆನ್ನ, ಬೇರಿಗೆ ಕೇಡು. ಟಿಡಿಎಸ್ ಮೀಟರ್ ಈ ವ್ಯತ್ಯಾಸವನ್ನು ಹಿಡಿಯುವುದಿಲ್ಲ, ಕಾವಲುಗಾರರನ್ನೋ ಪ್ಲಂಬರನ್ನೋ ಕೇಳಿಯೇ ತಿಳಿಯಬೇಕು.

ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಒಂದು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಾರ್ಬೊನೇಟ್, ಅಂದರೆ ಗಡಸು ನೀರಿನ ಫಲ. ಬರದಿದ್ದರೆ ಗೊಬ್ಬರದ ಲವಣವಿರಬಹುದು. ಎರಡಕ್ಕೂ ಮೊದಲ ಚಿಕಿತ್ಸೆ ಕುಂಡ ತೊಳೆಯುವುದು: ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ, ಎಲ್ಲವೂ ತಳದಿಂದ ಹರಿದುಹೋಗಲು ಬಿಡಿ. ಮಳೆಗಾಲದಲ್ಲಿ ಕುಂಡವನ್ನು ಒಂದು ರಾತ್ರಿ ಮಳೆಗಿಟ್ಟರೆ ಈ ಕೆಲಸ ಪುಕ್ಕಟೆ ಆಗುತ್ತದೆ.

ಬೇರೆ ನೀರು ಸಿಗುವುದೇ ಇಲ್ಲವೆಂದರೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ ಬಳಸಿ. ಹತ್ತು ಲೀಟರ್ ಬಕೆಟ್ಟಿಗೆ ಸುಮಾರು 2 ಗ್ರಾಂ, ಅಂದರೆ ಅರ್ಧ ಟೀ ಚಮಚಕ್ಕೂ ಕಡಿಮೆ, ಹಾಕಿ ಕಲಕಿ ಪಿಎಚ್ ಪಟ್ಟಿಯಿಂದ ನೋಡಿ. 6ರಿಂದ 6.5ಕ್ಕೆ ಬಂದರೆ ಸಾಕು. ಇನ್ನೂ ಇಳಿಸುವ ಆಸೆ ಬೇಡ.

ಚಿಗುರು ಬಿಳಿಚಿಕೊಂಡಿದ್ದರೆ ಇದರ ಜೊತೆಗೆ ಚಿಲೇಟ್ ಮಾಡಿದ ಕಬ್ಬಿಣ ಕೊಡಿ. ಚಿಲೇಟ್ ಎಂದರೆ ಮಣ್ಣಿನಲ್ಲಿ ಕಬ್ಬಿಣ ಗಟ್ಟಿಯಾಗಿ ಕೂರದಂತೆ ಅದನ್ನು ಹಿಡಿದಿಡುವ ಸಾವಯವ ಅಣು. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಇಡಿಟಿಎ ಬಗೆಯದ್ದು ಕ್ಷಾರದ ಮಣ್ಣಿನಲ್ಲಿ ಬೇಗ ನಿಷ್ಫಲವಾಗುತ್ತದೆ, ಅದನ್ನು ಲೀಟರಿಗೆ ಅರ್ಧ ಗ್ರಾಂನಂತೆ ಎಲೆಗೆ ಸಿಂಪಡಿಸಬಹುದು. ಮಣ್ಣಿಗೆ ಹಾಕಲು ಇಡಿಡಿಎಚ್‌ಎ ಎಂದು ಬರೆದದ್ದೇ ಬೇಕು. ಬೆಲೆ ಹೆಚ್ಚು, ಆದರೆ ಕೆಲಸ ಮಾಡುವುದು ಅದೇ. ನೀರಿಗೆ ಹಾಕಿದ ಕೂಡಲೇ ಕಡುಗೆಂಪಾಗುತ್ತದೆ, ಬಾಲ್ಕನಿಯ ಬಿಳಿ ಟೈಲ್ಸ್ ಜೋಪಾನ. ಪ್ರಮಾಣ ಪೊಟ್ಟಣದ ಮೇಲೆ ಇದ್ದಷ್ಟೇ ಇರಲಿ. ಮೆಗ್ನೀಷಿಯಂ ಕೊರತೆಗೆ ಎಪ್ಸಂ ಲವಣ, ಲೀಟರಿಗೆ 5 ಗ್ರಾಂ, ಎಲೆಗೆ ಸಿಂಪಡಣೆ, ಹದಿನೈದು ದಿನದ ಅಂತರದಲ್ಲಿ ಎರಡು ಸಲ.

ಮಜ್ಜಿಗೆಯ ವಿಷಯಕ್ಕೆ ಬರೋಣ. ಉಪ್ಪು ಹಾಕದ ಹುಳಿ ಮಜ್ಜಿಗೆಯನ್ನು ಹತ್ತು ಪಟ್ಟು ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿದರೆ ಕೆಡುಕಿಲ್ಲ. ಆದರೆ ಗಡಸು ನೀರಿನ ಕ್ಷಾರವನ್ನು ತಗ್ಗಿಸುವಷ್ಟು ಹುಳಿ ಅದರಲ್ಲಿಲ್ಲ, ಗಟ್ಟಿ ಮಜ್ಜಿಗೆ ಸುರಿದರೆ ವಾಸನೆ, ನೊಣ, ಇರುವೆ ಖಚಿತ. ಮೊಟ್ಟೆಯ ಚಿಪ್ಪು ಸುಣ್ಣದ ಕಾರ್ಬೊನೇಟ್. ಈಗಾಗಲೇ ಕ್ಷಾರವಾಗಿರುವ ಮಣ್ಣಿಗೆ ಅದು ಬೇಕಿಲ್ಲ. ಸಕ್ಕರೆ ಹಾಲು ಬೆರೆತ ಟೀ ಚರಟದ ಬಗ್ಗೆ ಹೇಳುವುದೇನೂ ಉಳಿದಿಲ್ಲ.

ಹಂತ 7: ಬಿಸಿಲು ಮತ್ತು ಚಳಿ

ಕರಿಬೇವಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಕಾಂಡ ತೆಳ್ಳಗಾಗಿ, ಗಿಡ ಕಿಟಕಿಯ ಕಡೆ ವಾಲಿದ್ದರೆ ಬೆಳಕು ಸಾಲದು. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ. ಅವುಗಳ ನಡುವೆ ಅದು ಉತ್ತರಕ್ಕಿರುತ್ತದೆ. ಹಾಗಾಗಿ ದಕ್ಷಿಣದ ಬಾಲ್ಕನಿಗೆ ಚಳಿಗಾಲದಲ್ಲಿ ಧಾರಾಳ ಬಿಸಿಲು, ಜೂನ್‌ನಲ್ಲಿ ಇಲ್ಲವೇ ಇಲ್ಲ. "ಹೋದ ತಿಂಗಳು ಚೆನ್ನಾಗಿತ್ತು, ಜಾಗವೂ ಬದಲಿಸಿಲ್ಲ" ಎನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳಗಿದ್ದ ಗಿಡವನ್ನು ಏಕಾಏಕಿ ಮೇ ತಿಂಗಳ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಡುತ್ತದೆ. ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿ.

ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಂತು ಹಳೆಯ ಎಲೆ ಉದುರುವುದು ರೋಗವಲ್ಲ. ತಳಿಯಿಂದ ತಳಿಗೆ ವ್ಯತ್ಯಾಸವೂ ಇದೆ: ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆಯ್ಕೆಗಳಲ್ಲಿ ಡಿಡಬ್ಲ್ಯುಡಿ-1 ಚಳಿಗೆ ಮುದುಡುತ್ತದೆ, ಡಿಡಬ್ಲ್ಯುಡಿ-2 ಅಷ್ಟಾಗಿ ಮುದುಡುವುದಿಲ್ಲ. ಈ ಕಾಲದಲ್ಲಿ ನೀರು ಕಡಿಮೆ ಮಾಡಿ, ಗೊಬ್ಬರ ನಿಲ್ಲಿಸಿ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ತುದಿ ಕತ್ತರಿಸಿದರೆ ಪಕ್ಕದ ಕಣ್ಣುಗಳೆಲ್ಲ ಒಡೆಯುತ್ತವೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ಓದುಗರಿಗೆ: ಚಳಿಗಾಲದಲ್ಲಿ ಗಿಡ ಒಳಗೆ ತಂದಾಗ ಎಲೆ ಪೂರ್ತಿ ಉದುರಿದರೂ ಗಾಬರಿ ಬೇಡ, ಹಂತ 1ರ ಉಗುರು ಪರೀಕ್ಷೆ ಮಾಡಿ. ಹೀಟರಿನ ಒಣ ಗಾಳಿಗೆ ಜೇಡ ನುಸಿ ಬೇಗ ಹತ್ತುತ್ತದೆ. ದೀಪದಡಿ ಬೆಳೆಸುವುದಾದರೆ ಗಿಡದ ತುದಿಯಿಂದ ಒಂದಡಿ ಎತ್ತರದಲ್ಲಿಟ್ಟು ದಿನಕ್ಕೆ 12ರಿಂದ 14 ಗಂಟೆ ಉರಿಸಿ. ತುದಿಯ ಎಲೆ ಮಾತ್ರ ಬೆಳ್ಳಗಾದರೆ ದೀಪ ತೀರಾ ಹತ್ತಿರವಾಗಿದೆ. ಅಮೆರಿಕದಲ್ಲಿ ಗಿಡವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವ ಮುನ್ನ ನಿಯಮ ವಿಚಾರಿಸಿ. ನಿಂಬೆ, ಕಿತ್ತಳೆಗೆ ರೋಗ ಹರಡುವ ಸಿಲ್ಲಿಡ್ ಕರಿಬೇವಿನಲ್ಲೂ ಬದುಕುವುದರಿಂದ ಅಲ್ಲಿ ನಿರ್ಬಂಧಗಳಿವೆ.

ಹಂತ 8: ಒಂದು ಸಲಕ್ಕೆ ಒಂದೇ ಬದಲಾವಣೆ

ಮಣ್ಣು, ನೀರು, ಜಾಗ, ಔಷಧಿ ಎಲ್ಲವನ್ನೂ ಒಂದೇ ಭಾನುವಾರ ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಬೇರಿನ ತೊಂದರೆ ಇದ್ದರೆ ಅದು ಮೊದಲು, ನೀರು ಎರಡನೆಯದು, ಪೋಷಕಾಂಶ ಕೊನೆಗೆ. ಪ್ರತಿ ಬದಲಾವಣೆಯ ನಂತರ ಎರಡು ಮೂರು ವಾರ ಕಾಯಿರಿ. ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗುವುದು ಅಪರೂಪ. ಅದನ್ನೇ ದಿನಾ ನೋಡುತ್ತಾ ಕೊರಗಬೇಡಿ. ನೋಡಬೇಕಾದದ್ದು ತುದಿಯ ಚಿಗುರು. ಅದು ಹಿಂದಿನದಕ್ಕಿಂತ ಹಸಿರಾಗಿ, ದೊಡ್ಡದಾಗಿ ಬಂದರೆ ನಿಮ್ಮ ಊಹೆ ಸರಿ.

ಹೊಸ ಚಿಗುರು ಬಲಿತ ಮೇಲೆಯೇ ಗೊಬ್ಬರ: ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಅಥವಾ ನೆನೆಸಿ ತಿಳಿ ಮಾಡಿದ ಕಡಲೆಕಾಯಿ ಹಿಂಡಿಯ ನೀರು. ಹೂಗೊಂಚಲು ಬಂದರೆ ಚಿವುಟಿ ಹಾಕಿ, ಇಲ್ಲದಿದ್ದರೆ ಎಲೆಗೆ ಹೋಗಬೇಕಾದ ಬಲ ಬೀಜಕ್ಕೆ ಹೋಗುತ್ತದೆ. ಒಗ್ಗರಣೆಗೆ ಬೇಕೆಂದು ಕಡ್ಡಿ ಉಳಿಸಿ ಬರೀ ಎಲೆ ಕೀಳುವ ಅಭ್ಯಾಸವನ್ನೂ ಬಿಡಿ. ಗಿಡ ಮೊಣಕಾಲೆತ್ತರ ದಾಟಿದ ಮೇಲೆ ತುದಿಯನ್ನು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಯಿಂದ ಕತ್ತರಿಸಿ ತೆಗೆದುಕೊಳ್ಳಿ. ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೆ ಬೇಡ, ಕತ್ತರಿಸಿದ ಜಾಗದ ಕೆಳಗೆ ಎರಡು ಕವಲು ಒಡೆಯುವವರೆಗೆ ಅದೇ ಕೊಂಬೆಗೆ ಮತ್ತೆ ಕತ್ತರಿ ಹಾಕುವುದೂ ಬೇಡ.